ನಲವತ್ತರ ಸ್ಟ್ರೈಕರ್‌ನ ಸೀಸನ್ ಹಂಚುವುದು ಹೇಗೆ

ಮೂವತ್ತೈದು ದಾಟಿದ ಫುಟ್‌ಬಾಲ್ ಆಟಗಾರನಲ್ಲಿ ಮೊದಲು ಕುಸಿಯುವುದು ಕಾಲಿನ ಚಳಕವಲ್ಲ, ಒಂದೇ ಸಲದ ವೇಗವೂ ಅಷ್ಟಾಗಿ ಅಲ್ಲ. ಕುಸಿಯುವುದು ಚೇತರಿಕೆ. ಇಪ್ಪತ್ನಾಲ್ಕರ ಹುಡುಗ ಶನಿವಾರ ಆಡಿ ಮಂಗಳವಾರಕ್ಕೆ ಹಗುರಾಗಿರುತ್ತಾನೆ. ಮೂವತ್ತೆಂಟರವನಿಗೆ ಬುಧವಾರವಾದರೂ ಬೇಕು, ಕೆಲವೊಮ್ಮೆ ಗುರುವಾರ. ಇಷ್ಟು ಎಲ್ಲ ಕೋಚ್‌ಗಳಿಗೂ ಗೊತ್ತು. ಆದರೂ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ದಣಿದಿದ್ದಾನೆಂದು ವಾರವಿಡೀ ಅಭ್ಯಾಸದಿಂದ ಹೊರಗಿಟ್ಟು, ಪಂದ್ಯದ ದಿನ ನೇರವಾಗಿ ಇಳಿಸುತ್ತಾರೆ. ಆ ವಾರದ ಮೊದಲ ಪೂರ್ಣ ವೇಗದ ಓಟ ಪಂದ್ಯದಲ್ಲೇ ಬರುತ್ತದೆ, ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಅಲ್ಲೇ ಕೈಕೊಡುತ್ತದೆ. ಹಾಗಾಗಿ ಮುಂದಿನ ಎಲ್ಲ ಲೆಕ್ಕಕ್ಕೂ ಒಂದೇ ಅಡಿಪಾಯ: ದೂರ ಕಡಿಮೆ ಮಾಡಿ, ದಿನ ಕಡಿಮೆ ಮಾಡಿ, ವೇಗವನ್ನು ಮಾತ್ರ ಕಡಿಮೆ ಮಾಡಬೇಡಿ.

ನಮ್ಮ ಕಣ್ಣೆದುರಿಗೇ ಒಳ್ಳೆಯ ಉದಾಹರಣೆ ಇದೆ. 1984ರ ಆಗಸ್ಟ್ 3ರಂದು ಹುಟ್ಟಿದ ಸುನಿಲ್ ಛೆಟ್ರಿ, ಬೆಂಗಳೂರು ಎಫ್‌ಸಿ ಪರ 2024-25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 14 ಗೋಲು ಹೊಡೆದರು. ಆಗ ವಯಸ್ಸು ನಲವತ್ತು. ಆ ಸೀಸನ್ನಿನಲ್ಲಿ ಕೋಚ್ ಜೆರಾರ್ಡ್ ಝರಗೋಜಾ ಛೆಟ್ರಿಯನ್ನು ಎಷ್ಟೋ ಪಂದ್ಯಗಳಲ್ಲಿ ಬೆಂಚಿನಿಂದ ಇಳಿಸಿದರು. ಆದರೆ 2024ರ ಡಿಸೆಂಬರ್ 7ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಬಂದಾಗ ಮೊದಲ ಗೋಲು ಪಂದ್ಯದ ಆರಂಭದಲ್ಲಿತ್ತು, ಕೊನೆಯದು ಇಂಜುರಿ ಟೈಮ್‌ನಲ್ಲಿ. ನಿಮಿಷಗಳನ್ನು ಹಂಚುವುದು ಎಂದರೆ ಆಟಗಾರನನ್ನು ಕಟ್ಟಿಹಾಕುವುದಲ್ಲ. ಬೇಕಾದ ದಿನ ಪೂರ್ತಿ ಆಡಲು ಕಾಲಲ್ಲಿ ಶಕ್ತಿ ಇರಬೇಕು, ಅದಕ್ಕೇ ಈ ಲೆಕ್ಕವೆಲ್ಲ.

ಮೊದಲು ಕ್ಯಾಲೆಂಡರ್

ಸೀಸನ್ ಶುರುವಾಗುವ ಮೊದಲೇ ಕೋಚ್, ಫಿಟ್‌ನೆಸ್ ಕೋಚ್, ಫಿಸಿಯೋ ಮತ್ತು ಆಟಗಾರ, ಈ ನಾಲ್ವರೂ ಒಂದೇ ಮೇಜಿನ ಸುತ್ತ ಕೂತು ಪಂದ್ಯಪಟ್ಟಿಯನ್ನು ನೋಡಬೇಕು. ಪ್ರತಿ ಪಂದ್ಯದ ಎದುರು ಮೂರರಲ್ಲಿ ಒಂದು ಗುರುತು: ಆರಂಭದಿಂದ, ಬೆಂಚಿನಿಂದ, ಮನೆಯಲ್ಲಿ. ಮೂವತ್ತೆಂಟು ದಾಟಿದ ಫಾರ್ವರ್ಡ್‌ಗೆ ನಾವು ಸೂಚಿಸುವ ಹಂಚಿಕೆ ಹೀಗಿದೆ. ಪ್ರತಿ ನಾಲ್ಕು ಪಂದ್ಯಗಳಲ್ಲಿ ಎರಡು ಆರಂಭದಿಂದ, 60ರಿಂದ 70 ನಿಮಿಷ. ಒಂದು ಬೆಂಚಿನಿಂದ, 20ರಿಂದ 30 ನಿಮಿಷ. ಇನ್ನೊಂದನ್ನು ಆಗಿನ ಸ್ಥಿತಿ ನೋಡಿ ನಿರ್ಧರಿಸಿ. ಎರಡು ಪಂದ್ಯಗಳ ನಡುವೆ 96 ಗಂಟೆಗಿಂತ ಕಡಿಮೆ ಇದ್ದರೆ ಎರಡರಲ್ಲೂ ಆರಂಭದಿಂದ ಆಡಿಸಬೇಡಿ. ಪಂದ್ಯದಲ್ಲಿ ಖಾಲಿಯಾದ ಗ್ಲೈಕೋಜನ್ (ಸ್ನಾಯು ಕೂಡಿಟ್ಟುಕೊಳ್ಳುವ ಇಂಧನ) ತುಂಬಲು, ಜಿಗಿತ ಮತ್ತು ಸ್ಪ್ರಿಂಟ್ ಮೊದಲಿನಂತಾಗಲು ಎಳೆಯರಿಗೇ 48ರಿಂದ 72 ಗಂಟೆ ಹಿಡಿಯುತ್ತದೆ.

ಗುರುತು ಹಾಕುವಾಗ ಎದುರಾಳಿ ಯಾರು ಎನ್ನುವುದಕ್ಕಿಂತ ಪ್ರಯಾಣವನ್ನು ನೋಡಿ. ಬೆಂಗಳೂರಿನಿಂದ ಗೋವಾ, ಕೊಚ್ಚಿ, ಚೆನ್ನೈ ಒಂದು ಲೆಕ್ಕ. ರಾಂಚಿಗೆ ಹಾರಿ ಅಲ್ಲಿಂದ ಬಸ್ಸಿನಲ್ಲಿ ಜಮ್ಶೆಡ್‌ಪುರ, ಗುವಾಹಟಿಯಿಂದ ಗುಡ್ಡ ಹತ್ತಿ ಶಿಲ್ಲಾಂಗ್ ಬೇರೆಯೇ ಲೆಕ್ಕ. ಮೂರು ಗಂಟೆ ಮಂಡಿ ಮಡಚಿ ಕೂತ ಹಳೆಯ ಸೊಂಟ ಮರುದಿನ ಬೆಳಿಗ್ಗೆ ಸಲೀಸಾಗಿ ತೆರೆಯುವುದಿಲ್ಲ. "ಮನೆಯಲ್ಲಿ" ಎಂಬ ಗುರುತನ್ನು ಇಂಥ ಪಂದ್ಯಗಳಿಗೇ ಉಳಿಸಿಕೊಳ್ಳಿ.

ಪಂದ್ಯಪಟ್ಟಿ ಎಷ್ಟು ಬೇಗ ಬಿಗಿಯಾಗುತ್ತದೆ ಎಂಬುದಕ್ಕೆ 2025ರ ಮಾರ್ಚ್-ಏಪ್ರಿಲ್ ನೋಡಿ. 2024ರ ಜೂನ್ 6ರಂದು ಕುವೈತ್ ವಿರುದ್ಧ ಆಡಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದ್ದ ಛೆಟ್ರಿ ಮತ್ತೆ ರಾಷ್ಟ್ರೀಯ ತಂಡಕ್ಕೆ ಮರಳಿದ್ದರು. ಮಾರ್ಚ್ 19 ಮಾಲ್ಡೀವ್ಸ್, 25 ಬಾಂಗ್ಲಾದೇಶ, ಎರಡೂ ಶಿಲ್ಲಾಂಗ್‌ನಲ್ಲಿ. 29ಕ್ಕೆ ಕಂಠೀರವದಲ್ಲಿ ಮುಂಬೈ ಸಿಟಿ ಎದುರು ನಾಕೌಟ್, ಏಪ್ರಿಲ್ 2ಕ್ಕೆ ಅಲ್ಲೇ ಗೋವಾ ಎದುರು ಸೆಮಿಫೈನಲ್‌ನ ಮೊದಲ ಪಂದ್ಯ, 6ಕ್ಕೆ ಗೋವಾದ ಫಟೋರ್ಡಾದಲ್ಲಿ ಎರಡನೆಯದು, 12ಕ್ಕೆ ಕೋಲ್ಕತ್ತಾದಲ್ಲಿ ಮೋಹನ್ ಬಗಾನ್ ಎದುರು ಫೈನಲ್. 25 ದಿನಗಳಲ್ಲಿ ಆರು ಪಂದ್ಯಗಳ ಪಟ್ಟಿ. ಇಂಥ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ್ದು ಮಾರ್ಚ್ 29ರಿಂದ ಏಪ್ರಿಲ್ 6ರವರೆಗಿನ ಒಂಬತ್ತು ದಿನ. ಮೂರು ನಿರ್ಣಾಯಕ ಪಂದ್ಯಗಳಲ್ಲಿ ನಲವತ್ತರವನಿಂದ ಮೂರು ತೊಂಬತ್ತು ನಿಮಿಷ ಕೇಳುವಂತಿಲ್ಲ. ಕನಿಷ್ಠ ಎರಡಕ್ಕೆ ಬೆಂಚು. ಫಟೋರ್ಡಾದಲ್ಲಿ ಛೆಟ್ರಿ ಬೆಂಚಿನಿಂದಲೇ ಬಂದರು. ಇಂಜುರಿ ಟೈಮ್‌ನಲ್ಲಿ ತಲೆಯಿಂದ ಹೊಡೆದ ಗೋಲು ತಂಡವನ್ನು ಒಟ್ಟು 3-2ರ ಅಂತರದಲ್ಲಿ ಫೈನಲ್‌ಗೆ ಒಯ್ದಿತು. ಅಷ್ಟು ಹೊತ್ತಿಗೆ ಡಿಫೆಂಡರ್‌ಗಳ ಕಾಲು ಭಾರವಾಗಿತ್ತು, ಛೆಟ್ರಿಯ ಕಾಲು ಹೊಸದಾಗಿತ್ತು.

ರಾಷ್ಟ್ರೀಯ ಶಿಬಿರಕ್ಕೆ ಹೋಗುವ ಆಟಗಾರನ ಜೊತೆ ಅವನ ಕಳೆದ ನಾಲ್ಕು ವಾರಗಳ ಅಂಕಿಅಂಶವೂ ಹೋಗಬೇಕು, ಶಿಬಿರದ ಅಂಕಿಅಂಶ ವಾಪಸ್ ಬರಬೇಕು. ಎರಡೂ ಕಡೆಯವರು ತಮ್ಮ ಪಾಲಿನ ವಾರವನ್ನಷ್ಟೇ ನೋಡಿದಾಗ ಇಬ್ಬರ ಲೆಕ್ಕವೂ ಸರಿಯಾಗಿಯೇ ಕಾಣುತ್ತದೆ, ಗಾಯ ಮಾತ್ರ ಆಟಗಾರನಿಗೆ ಆಗುತ್ತದೆ.

ಅಳೆಯುವುದು

ಓಟದ ದೂರ, ವೇಗ ಅಳೆಯುವ ಜಿಪಿಎಸ್ ವೆಸ್ಟ್ ಇದ್ದರೆ ಸರಿ, ಆದರೆ ಅದರ ಮಿತಿಗಳನ್ನು ಹಾಗೇ ನಂಬಬೇಡಿ. ಗಂಟೆಗೆ 19.8 ಕಿಲೋಮೀಟರ್ ಮೀರಿದರೆ ಅತಿವೇಗದ ಓಟ, 25.2 ಮೀರಿದರೆ ಸ್ಪ್ರಿಂಟ್ ಎಂಬುದು ರೂಢಿಯ ಗೆರೆ. ಗರಿಷ್ಠ ವೇಗ 34 ಇರುವ ಹುಡುಗನಿಗೆ 25.2 ಎಂದರೆ ಶೇ 74. ಗರಿಷ್ಠ 29ಕ್ಕೆ ಇಳಿದವನಿಗೆ ಅದೇ 25.2 ಎಂದರೆ ಶೇ 87. ಪರದೆಯ ಮೇಲೆ ಹಿರಿಯನ ಸ್ಪ್ರಿಂಟ್ ಕಡಿಮೆ ಕಾಣುತ್ತದೆ, ಕೋಚ್ "ಇವತ್ತು ಹಗುರಾಗಿತ್ತು" ಅಂದುಕೊಳ್ಳುತ್ತಾರೆ. ಅವನ ದೇಹ ಮಾತ್ರ ತನ್ನ ತುತ್ತತುದಿಯಲ್ಲಿ ದುಡಿದಿರುತ್ತದೆ. ಗೆರೆಗಳನ್ನು ಅವನದೇ ಗರಿಷ್ಠ ವೇಗದ ಶೇಕಡಾವಾರಿನಲ್ಲಿ ಹಾಕಿ, ಆ ಗರಿಷ್ಠವನ್ನೂ ಪ್ರತಿ ಸೀಸನ್ ಹೊಸದಾಗಿ ಅಳೆಯಿರಿ. ವೇಗ ತಗ್ಗಿಸಿದ ಸಲಗಳನ್ನೂ ಎಣಿಸಿ. ಗಕ್ಕನೆ ನಿಲ್ಲುವುದು, ತಿರುಗುವುದು ನೇರ ಓಟಕ್ಕಿಂತ ಹೆಚ್ಚು ಸ್ನಾಯುವನ್ನು ಹರಿಯುತ್ತದೆ.

ವೆಸ್ಟ್ ಇಲ್ಲದ ಕ್ಲಬ್‌ಗೆ ಒಂದು ನೋಟ್‌ಬುಕ್ ಸಾಕು. ಅಭ್ಯಾಸ ಮುಗಿದು ಅರ್ಧ ಗಂಟೆಯ ಬಳಿಕ ಆಟಗಾರನನ್ನು ಒಬ್ಬನೇ ಇರುವಾಗ ಕೇಳಿ: ಸೊನ್ನೆಯಿಂದ ಹತ್ತರಲ್ಲಿ ಇಂದು ಎಷ್ಟು ಕಷ್ಟವಾಯಿತು? ಆ ಅಂಕಿಯನ್ನು ನಿಮಿಷಗಳಿಂದ ಗುಣಿಸಿ. 90 ನಿಮಿಷದ ಪಂದ್ಯಕ್ಕೆ 8 ಎಂದರೆ 720. 50 ನಿಮಿಷದ ಅಭ್ಯಾಸಕ್ಕೆ 4 ಎಂದರೆ 200. ವಾರದ ಮೊತ್ತ ಹಿಂದಿನ ನಾಲ್ಕು ವಾರಗಳ ಸರಾಸರಿಗಿಂತ ಏಕಾಏಕಿ ಜಿಗಿದರೆ ಎಚ್ಚರ. ಈ ಅನುಪಾತ 0.8ರಿಂದ 1.3ರೊಳಗಿದ್ದರೆ ಕ್ಷೇಮ, 1.5 ಮೀರಿದರೆ ಅಪಾಯ ಎಂಬ ಸೂತ್ರ ಬಹಳ ಹಬ್ಬಿದೆ. ಅದರ ಗಣಿತದ ಬಗ್ಗೆ ಸಂಶೋಧಕರಲ್ಲೇ ಗಟ್ಟಿ ತಕರಾರುಗಳಿವೆ. ಅದನ್ನು ಪ್ರಶ್ನೆ ಎತ್ತಲು ಬಳಸಿ, ತೀರ್ಪು ಕೊಡಲು ಬಳಸಬೇಡಿ. ಇತರರ ಎದುರು ಕೇಳಿದರೆ ಸ್ಟಾರ್ ಆಟಗಾರ ಯಾವತ್ತೂ ಎರಡು ಅಂಕ ಕಡಿಮೆ ಹೇಳುತ್ತಾನೆ, ಅದನ್ನು ನೆನಪಿಡಿ.

ಇನ್ನು ದೇಹದ ಪರೀಕ್ಷೆಗಳು. ಮೂರೇ ಸಾಕು. ಒಂದು, ತೊಡೆಸಂದಿನ ಒತ್ತಡ: ಅಂಗಾತ ಮಲಗಿಸಿ, ಸೊಂಟ ಸುಮಾರು 45 ಡಿಗ್ರಿ ಬಾಗುವಂತೆ ಮಂಡಿ ಮಡಚಿಸಿ, ಮಂಡಿಗಳ ನಡುವೆ ಬಿಪಿ ಅಳೆಯುವ ಪಟ್ಟಿ ಇಟ್ಟು ಮಾಪಕದಲ್ಲಿ 10 ಮಿಲಿಮೀಟರ್ ಪಾದರಸದವರೆಗೆ ಗಾಳಿ ತುಂಬಿ. ಐದು ಸೆಕೆಂಡು ಬಲವಾಗಿ ಹಿಂಡಲಿ, ಮೂರು ಸಲದಲ್ಲಿ ಹೆಚ್ಚಿನದನ್ನು ಬರೆದುಕೊಳ್ಳಿ. ಎರಡು, ಗೋಡೆಗೆ ಮಂಡಿ: ಹಿಮ್ಮಡಿ ಎತ್ತದೆ ಮಂಡಿಯಿಂದ ಗೋಡೆ ಮುಟ್ಟಲು ಆಗುವಾಗ ಹೆಬ್ಬೆರಳು ಗೋಡೆಯಿಂದ ಎಷ್ಟು ಸೆಂಟಿಮೀಟರ್ ದೂರವಿದೆ? ಮೂರು, ಕೈ ಸೊಂಟದ ಮೇಲಿಟ್ಟು ನಿಂತಲ್ಲೇ ಜಿಗಿತ. ಫೋನಿನ ಸ್ಲೋಮೋಷನ್ ವಿಡಿಯೋದಲ್ಲೂ ಎತ್ತರ ಲೆಕ್ಕ ಹಾಕಬಹುದು. ಸೀಸನ್‌ಪೂರ್ವ ಮೂರು ವಾರ ಅಳೆದು ಅವನ ಸಾಮಾನ್ಯ ಅಂಕಿ ಕಂಡುಕೊಳ್ಳಿ. ನಂತರ ವಾರಕ್ಕೆ ಎರಡೇ ಸಲ, ಪಂದ್ಯದ ಎರಡು ದಿನ ಬಳಿಕ ಮತ್ತು ಎರಡು ದಿನ ಮೊದಲು.

ಒತ್ತಡ ಅಥವಾ ಜಿಗಿತ ಶೇ 10ಕ್ಕಿಂತ ಹೆಚ್ಚು ಇಳಿದರೆ, ಗೋಡೆಯ ದೂರ 2 ಸೆಂಟಿಮೀಟರ್ ಕುಗ್ಗಿದರೆ ಅದು ಒಂದು ಎಚ್ಚರಿಕೆ. ಒಂದೇ ಇದ್ದರೆ ಗಮನಿಸಿ, ಎರಡಿದ್ದರೆ ಆ ದಿನ ಸ್ಪ್ರಿಂಟ್ ಮತ್ತು ಇಕ್ಕಟ್ಟಿನ ಆಟ ಬೇಡ, ಹಿಂಡುವಾಗ ನೋವಿದ್ದರೆ ಅಂಕಿ ಏನೇ ಇರಲಿ ಚೆಂಡು ಒದೆಯುವುದೇ ಬೇಡ. ಒಂದು ದಿನ ಮಸಾಜ್ ಆದ ಮೇಲೆ, ಇನ್ನೊಂದು ದಿನ ಹಾಸಿಗೆಯಿಂದ ಎದ್ದ ಕೂಡಲೇ ಅಳೆದರೆ ಪರೀಕ್ಷೆ ಕೆಟ್ಟಹಾಗೆ. ಅದೇ ಗಂಟೆ, ಅದೇ ಫಿಸಿಯೋ, ಚಿಕಿತ್ಸೆಗೆ ಮೊದಲು.

ಶನಿವಾರದಿಂದ ಶನಿವಾರ

ಪಂದ್ಯದ ಮರುದಿನ ಓಟವಿಲ್ಲ. 20-25 ನಿಮಿಷ ಸೈಕಲ್ ಅಥವಾ ಈಜುಕೊಳ, ಮಾತಾಡುತ್ತ ಮಾಡಬಹುದಾದ ವೇಗದಲ್ಲಿ. ಸೋಮವಾರ ಪೂರ್ತಿ ರಜೆ. ಬೆಳಿಗ್ಗೆ ಹತ್ತು ನಿಮಿಷದ ಪರೀಕ್ಷೆಯನ್ನು ಫಿಸಿಯೋ ಅವನ ಮನೆಗೇ ಹೋಗಿ ಮಾಡಿದರೆ ಇನ್ನೂ ಒಳ್ಳೆಯದು.

ಮಂಗಳವಾರ ಜಿಮ್. ಭಾರ ಹೆಚ್ಚು, ಎಣಿಕೆ ಕಡಿಮೆ: ಸ್ಕ್ವಾಟ್ ಅಥವಾ ಡೆಡ್‌ಲಿಫ್ಟ್ ಮೂರು ಸುತ್ತು, ಸುತ್ತಿಗೆ ನಾಲ್ಕೈದು. ವಯಸ್ಸಾಯಿತೆಂದು ಹಗುರ ಡಂಬೆಲ್ ಕೊಟ್ಟು ಇಪ್ಪತ್ತಿಪ್ಪತ್ತು ಸಲ ಎತ್ತಿಸುವುದು ತಿರುವುಮುರುವು. ಅದರಿಂದ ದಣಿವು ಬರುತ್ತದೆ, ಬಲ ಬರುವುದಿಲ್ಲ. ನಂತರ ಮೈದಾನದಲ್ಲಿ 25 ನಿಮಿಷ ಚೆಂಡಿನೊಂದಿಗೆ. ನಾಲ್ವರೆದುರು ನಾಲ್ವರ ಆಟದಲ್ಲಿ ಅವನನ್ನು ಚೆಂಡು ಯಾರ ಬಳಿಯಿದೆಯೋ ಅವರ ಪರ ಆಡುವ ಜೋಕರ್ ಮಾಡಿ. ಪಾಸ್, ತಲೆಯೆತ್ತಿ ನೋಡುವುದು, ಸ್ಥಾನ ಹಿಡಿಯುವುದು ಎಲ್ಲ ಉಳಿಯುತ್ತದೆ. ಬೆನ್ನಟ್ಟುವುದು, ಗಕ್ಕನೆ ತಿರುಗುವುದು ತಪ್ಪುತ್ತದೆ.

ಬುಧವಾರ ವಾರದ ಮುಖ್ಯ ದಿನ. ದೊಡ್ಡ ಮೈದಾನದಲ್ಲಿ ಎಂಟು ನಿಮಿಷದ ಎರಡು ಸುತ್ತು ಆಟ, ಅದಕ್ಕೂ ಮೊದಲು, ಕಾಲು ತಾಜಾ ಇರುವಾಗಲೇ, 30-40 ಮೀಟರ್‌ನ ಮೂರು ಅಥವಾ ನಾಲ್ಕು ಓಟ. ಅವನ ಗರಿಷ್ಠದ ಶೇ 90-95 ಮುಟ್ಟಲೇಬೇಕು. ನಡುವೆ ಎರಡರಿಂದ ಮೂರು ನಿಮಿಷ ನಡಿಗೆ. ಈ ನಾಲ್ಕು ಓಟಗಳು ಹ್ಯಾಮ್‌ಸ್ಟ್ರಿಂಗ್‌ಗೆ ಹಾಕುವ ಲಸಿಕೆಯಂತೆ. ಮೊದಲು ಕತ್ತರಿಸಲು ಎಲ್ಲರಿಗೂ ಮನಸ್ಸಾಗುವುದು ಇವನ್ನೇ. ದಯವಿಟ್ಟು ಇವನ್ನು ಬಿಟ್ಟು ಬೇರೆ ಏನನ್ನಾದರೂ ಕತ್ತರಿಸಿ.

ಗುರುವಾರ ತಂಡ ಓಡುವಾಗ ಅವನಿಗೆ ಫಿನಿಶಿಂಗ್ ಮಾತ್ರ, 15ರಿಂದ 20 ಹೊಡೆತ. ಎಣಿಸಿ. ಅಭ್ಯಾಸ ಮುಗಿದ ಮೇಲೆ ಫ್ರೀಕಿಕ್ ಹೊಡೆಯುತ್ತ ಉಳಿಯುವುದು ದೊಡ್ಡ ಆಟಗಾರರ ಹಳೆಯ ಒಳ್ಳೆಯ ಅಭ್ಯಾಸ, ಅವರನ್ನು ದೊಡ್ಡವರಾಗಿಸಿದ್ದೂ ಅದೇ. ಆದರೆ ಆ ಅರ್ಧ ಗಂಟೆ ಯಾವ ವೆಸ್ಟ್‌ನ ಲೆಕ್ಕಕ್ಕೂ ಸಿಗುವುದಿಲ್ಲ, ಏಕೆಂದರೆ ಓಟವೇ ಇರುವುದಿಲ್ಲ. ತೊಡೆಸಂದು ಮತ್ತು ತೊಡೆಯ ಮುಂಭಾಗದ ಸ್ನಾಯು ಸವೆಯುವುದು ಅಲ್ಲೇ. ಬೇಡ ಎನ್ನದೆ ಹನ್ನೆರಡು ಚೆಂಡು ಇಟ್ಟು ಉಳಿದವನ್ನು ಒಳಗೆ ಕಳಿಸಿ. ಶುಕ್ರವಾರ 40 ನಿಮಿಷ, ಸೆಟ್ ಪೀಸ್ (ಕಾರ್ನರ್, ಫ್ರೀಕಿಕ್), ಒಂದೆರಡು ಚುರುಕು ಹೆಜ್ಜೆ.

ವಾರದಲ್ಲಿ ಎರಡು ಪಂದ್ಯವಿದ್ದರೆ ಬುಧವಾರದ ಓಟ ಬೇಡ, ಪಂದ್ಯವೇ ಓಟ. ಅಂಥ ವಾರಗಳಲ್ಲಿ 10-15 ಡಿಗ್ರಿ ತಣ್ಣೀರಿನಲ್ಲಿ ಹತ್ತು ನಿಮಿಷ ಕೂರಿಸುವುದು ಸರಿ. ಜಿಮ್ ದಿನ ಮಾತ್ರ ಐಸ್ ಬೇಡ, ಬಲ ಕಟ್ಟುವ ಕೆಲಸವನ್ನು ಅದು ಕುಗ್ಗಿಸುತ್ತದೆ.

ಬೆಂಚಿನಿಂದ ಇಳಿಸುವುದೂ ಒಂದು ಕಲೆ

ಐದು ಬದಲಿ ಆಟಗಾರರ ನಿಯಮ 2022ರಲ್ಲಿ ಶಾಶ್ವತವಾದ ಮೇಲೆ ಹಿರಿಯ ಆಟಗಾರರ ಬದುಕೇ ಉದ್ದವಾಯಿತು. ಅದನ್ನು ಕೆಡಿಸುವುದು ಅವಸರ. ದ್ವಿತೀಯಾರ್ಧವಿಡೀ ಗೆರೆಯಾಚೆ ಕುಕ್ಕುಲೋಟ ಓಡಿಸಿದರೆ ಒಳಗೆ ಹೋಗುವ ಮೊದಲೇ ದಣಿಯುತ್ತಾನೆ. ಕೂರಿಸಿಟ್ಟು ಎರಡು ನಿಮಿಷದಲ್ಲಿ ಇಳಿಸಿದರೆ ತಣ್ಣಗಿನ ಸ್ನಾಯು ಹರಿಯುತ್ತದೆ. ವಿರಾಮದಲ್ಲೇ ಹೇಳಿ: "60ರಿಂದ 70ರ ನಡುವೆ." ವಿರಾಮದಲ್ಲಿ ಎಂಟು ನಿಮಿಷ ಮೈ ಬಿಸಿ ಮಾಡಿಕೊಂಡು ಟ್ರ್ಯಾಕ್‌ಸೂಟ್ ಹಾಕಿ ಕೂರಲಿ. ಇಳಿಯಲು ಹತ್ತು ನಿಮಿಷ ಇರುವಾಗ ಎದ್ದು 20 ಮೀಟರ್‌ನ ಮೂರು ಓಟ, ಶೇ 80, 90, 95. ಬದಲಾವಣೆಗೆ ಆಟದ ನಡುವೆ ಮೂರೇ ಅವಕಾಶ, ವಿರಾಮ ಬಿಟ್ಟು. ಮೂರನೆಯದನ್ನು ಬೇರೆ ಯಾರಿಗೋ ಖರ್ಚು ಮಾಡಿದರೆ ಅವನು ಬೆಂಚಿನಲ್ಲೇ ಉಳಿಯುತ್ತಾನೆ.

30 ನಿಮಿಷಕ್ಕಿಂತ ಕಡಿಮೆ ಆಡಿದ್ದರೆ, ಪಂದ್ಯ ಮುಗಿದ ಕೂಡಲೇ ಅದೇ ಮೈದಾನದಲ್ಲಿ 40-60 ಮೀಟರ್‌ನ ನಾಲ್ಕು ಓಟ. ಅಭಿಮಾನಿಗಳು ಕೂಗುತ್ತಿರುವಾಗ ಓಡುವುದು ಕಷ್ಟ, ಆದರೂ ಅಂದೇ ಮುಗಿಸಿದರೆ ಮರುದಿನ ನಿಜವಾದ ವಿಶ್ರಾಂತಿ ಸಿಗುತ್ತದೆ. ಇದನ್ನು ಬಿಟ್ಟ ತಂಡಗಳಲ್ಲಿ ಮೂರು ವಾರ ಬೆಂಚಿನಿಂದ ಬಂದ ಆಟಗಾರ ನಾಲ್ಕನೇ ವಾರ ಆರಂಭದಿಂದ ಆಡುವಾಗ ಅರವತ್ತನೇ ನಿಮಿಷಕ್ಕೆ ಕಾಲು ಹಿಡಿದುಕೊಂಡು ಕೂರುತ್ತಾನೆ.

ಮೈದಾನದ ಒಳಗಿನ ಹಂಚಿಕೆ ಕೋಚ್‌ನ ಕೆಲಸ. 2022ರ ವಿಶ್ವಕಪ್‌ನಲ್ಲಿ 35ರ ಲಿಯೊನೆಲ್ ಮೆಸ್ಸಿ ಅರ್ಜೆಂಟೀನಾದ ಏಳೂ ಪಂದ್ಯಗಳ ಪ್ರತಿ ನಿಮಿಷ ಆಡಿದರು, ಎರಡು ಹೆಚ್ಚುವರಿ ಸಮಯ ಸೇರಿ 690 ನಿಮಿಷ. ಚೆಂಡು ಎದುರಾಳಿಯ ಬಳಿಯಿದ್ದಾಗ ಅವರು ನಡೆದರು. ಹೂಲಿಯನ್ ಅಲ್ವಾರೆಸ್, ರೊಡ್ರಿಗೊ ಡಿ ಪಾಲ್ ಮೆಸ್ಸಿಯ ಪಾಲಿನದನ್ನೂ ಓಡಿದರು. ಹಿರಿಯನಿಗೆ ಪೂರ್ಣ ವಿನಾಯಿತಿ ಕೊಡಿ ಎಂದಲ್ಲ. ಒಂದೇ ಕೆಲಸ ಕೊಡಿ: ಎದುರಾಳಿಯ ಹೋಲ್ಡಿಂಗ್ ಮಿಡ್‌ಫೀಲ್ಡರ್‌ಗೆ (ಡಿಫೆಂಡರ್‌ಗಳ ಮುಂದೆಯೇ ನಿಲ್ಲುವ ಮಿಡ್‌ಫೀಲ್ಡರ್) ಹೋಗುವ ಪಾಸಿನ ದಾರಿಗೆ ಅಡ್ಡ ನಿಲ್ಲುವುದು. ಬೆನ್ನಟ್ಟುವುದು ಪಕ್ಕದ ಹುಡುಗನ ಕೆಲಸ. ಇದನ್ನು ಆ ಹುಡುಗನಿಗೂ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಅಸಮಾಧಾನ ಒಳಗೊಳಗೇ ಬೆಳೆಯುತ್ತದೆ.

ಯಾವ ಸ್ನಾಯು, ಯಾವ ಮದ್ದು

ಹಳೆಯ ಗಾಯವೇ ಹೊಸ ಗಾಯದ ಅತಿ ದೊಡ್ಡ ಸೂಚನೆ, ವಯಸ್ಸಿನೊಂದಿಗೆ ಹೆಚ್ಚುವುದು ಮೀನಖಂಡದ ಗಾಯ. ಯೂರೋಪಿನ ದೊಡ್ಡ ಕ್ಲಬ್‌ಗಳ ಗಾಯಗಳನ್ನು 2001ರಿಂದ ದಾಖಲಿಸುತ್ತಿರುವ, ಯೂರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎಯ ಅಧ್ಯಯನದಲ್ಲೂ ಇದು ಕಂಡಿದೆ. ಮೀನಖಂಡದ ಒಳಪದರದ ಸೋಲಿಯಸ್ ಸ್ನಾಯುವಿನ ಗಾಯ ಮೋಸದ್ದು: ಟಪ್ಪನೆ ಹರಿಯುವುದಿಲ್ಲ, ಮೂರ್ನಾಲ್ಕು ದಿನ "ಸ್ವಲ್ಪ ಬಿಗಿ" ಎನ್ನಿಸುತ್ತದೆ. ಮೂವತ್ತೈದು ದಾಟಿದವನು ಆ ಮಾತು ಹೇಳಿದರೆ ಅಂದೇ ಓಟ ನಿಲ್ಲಿಸಿ. ತಡೆಯಲು ವಾರಕ್ಕೆ ಎರಡು ದಿನ ಕೂತು, ಮಂಡಿ ಮಡಚಿ, ಮಂಡಿಯ ಮೇಲೆ ಭಾರವಿಟ್ಟು ಹಿಮ್ಮಡಿ ಎತ್ತುವುದು, ಎಂಟರ ಮೂರು ಸುತ್ತು, ಇಳಿಸುವಾಗ ಮೂರು ಸೆಕೆಂಡು. ಗಾಯದಿಂದ ಮರಳಲು ಅಳತೆಗೋಲು: ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತುವುದು 25 ಸಲ, ಎರಡೂ ಕಾಲು ಸಮಸಮ.

ಹ್ಯಾಮ್‌ಸ್ಟ್ರಿಂಗ್‌ಗೆ ನಾರ್ಡಿಕ್ ವ್ಯಾಯಾಮ (ಮಂಡಿಯೂರಿ, ಹಿಮ್ಮಡಿಯನ್ನು ಯಾರಾದರೂ ಹಿಡಿದಿರುವಾಗ ನಿಧಾನವಾಗಿ ಮುಂದಕ್ಕೆ ವಾಲುವುದು) ಗಾಯವನ್ನು ಅರ್ಧದಷ್ಟು ಇಳಿಸುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ. ಮೊದಲ ವಾರ ಒಂದೇ ದಿನ, ಐದರ ಎರಡು ಸುತ್ತು. ಎರಡನೇ ವಾರ ಎರಡು ದಿನ, ಆರರ ಎರಡು ಸುತ್ತು. ಹೀಗೆ ಏರಿಸುತ್ತ ಹೋಗಿ. ಸೀಸನ್ ನಡುವೆ ವಾರಕ್ಕೊಮ್ಮೆ ಸಾಕು, ಮಂಗಳವಾರವೇ. ಹಿರಿಯ ಆಟಗಾರರು ಇದನ್ನು ದ್ವೇಷಿಸಲು ಕಾರಣ ಮೊದಲ ದಿನವೇ ಮೂವತ್ತು ಮಾಡಿಸಿ ಮೂರು ದಿನ ಕಾಲೆತ್ತದಂತೆ ಮಾಡುವುದು. ತೊಡೆಸಂದಿಗೆ ಕೋಪನ್‌ಹೇಗನ್ ವ್ಯಾಯಾಮ (ಪಕ್ಕಕ್ಕೆ ಮಲಗಿ, ಮೇಲಿನ ಕಾಲನ್ನು ಆಸರೆಯ ಮೇಲಿಟ್ಟು ಸೊಂಟ ಎತ್ತುವುದು), ಮೊದಲು ಮಂಡಿಗೆ ಆಸರೆ ಕೊಟ್ಟು, ಆಮೇಲೆ ಪಾದಕ್ಕೆ.

ಮಂಡಿ ಊದಿಕೊಂಡಿದ್ದರೆ ಇದ್ಯಾವುದೂ ನಡೆಯದು. ಝ್ಲಾಟನ್ ಇಬ್ರಾಹಿಮೊವಿಚ್ ನಲವತ್ತರಲ್ಲಿ, 2021-22ರಲ್ಲಿ ಮಿಲಾನ್ ಲೀಗ್ ಗೆದ್ದಾಗ, ಎಡ ಮಂಡಿಯ ಎಸಿಎಲ್ (ಮಂಡಿಯನ್ನು ಹಿಡಿದಿಡುವ ಮುಖ್ಯ ಅಸ್ಥಿರಜ್ಜು) ಹರಿದಿತ್ತು, ಆರು ತಿಂಗಳು ವಾರವಾರವೂ ನೀರು ತೆಗೆಸಿಕೊಂಡೆ ಎಂದು ಅವರೇ ಆಮೇಲೆ ಹೇಳಿದರು. ಆ ಛಲಕ್ಕೆ ಗೌರವ ಸಲ್ಲಬೇಕು, ಆದರೆ ಅದನ್ನು ಮಾದರಿಯಾಗಿ ಇಟ್ಟುಕೊಳ್ಳಬಾರದು. ಊದಿದ ಮಂಡಿ ತೊಡೆಯ ಸ್ನಾಯುವನ್ನೇ ಮಲಗಿಸುತ್ತದೆ, ನೋವಿನ ಮಾತ್ರೆ ಆ ಎಚ್ಚರಿಕೆಯನ್ನು ಮುಚ್ಚಿಡುತ್ತದೆ. ಬೆಳಿಗ್ಗೆ ಊತವಿದ್ದರೆ ಅಭ್ಯಾಸವಿಲ್ಲ, ಅಷ್ಟೇ.

ಊಟದಲ್ಲಿ ಎರಡು ಅಂಕಿ ಸಾಕು. ವಯಸ್ಸಾದ ಸ್ನಾಯುವಿಗೆ ಒಂದೊಂದು ಹೊತ್ತಿಗೆ ದೇಹದ ಕಿಲೋಗೆ 0.4 ಗ್ರಾಂ ಪ್ರೋಟೀನ್, ಅಂದರೆ 75 ಕಿಲೋದವನಿಗೆ 30 ಗ್ರಾಂ, ದಿನಕ್ಕೆ ನಾಲ್ಕು ಸಲ. ಸಸ್ಯಾಹಾರಿಯಾದರೆ ಇನ್ನೂ ಸ್ವಲ್ಪ ಹೆಚ್ಚು, ಸೋಯಾ ಸೇರಿಸಿ. ಪಂದ್ಯದ ಮುನ್ನಾದಿನ ಕಿಲೋಗೆ 6ರಿಂದ 8 ಗ್ರಾಂ ಕಾರ್ಬೋಹೈಡ್ರೇಟ್: ಅನ್ನ, ಇಡ್ಲಿ, ಬಾಳೆಹಣ್ಣು. ಮುದ್ದೆ, ಕಾಳಿನ ಪಲ್ಯ, ಸೊಪ್ಪು ಉಳಿದ ದಿನಗಳಿಗೆ ಉತ್ತಮ, ಆ ದಿನ ನಾರು ಹೊಟ್ಟೆಯಲ್ಲಿ ಭಾರ. ಕೊಚ್ಚಿ, ಕೋಲ್ಕತ್ತಾದ ಸೆಕೆಯಲ್ಲಿ ಪಂದ್ಯಕ್ಕೆ ಮೊದಲು ಮತ್ತು ನಂತರ ತೂಕ ನೋಡಿ. ಇಳಿದ ಪ್ರತಿ ಕಿಲೋಗೆ ಒಂದೂವರೆ ಲೀಟರ್ ಉಪ್ಪು ಬೆರೆತ ಪಾನೀಯ, ಮಲಗುವವರೆಗೆ ನಿಧಾನವಾಗಿ. ಸಂಜೆ ಏಳೂವರೆಯ ಪಂದ್ಯಕ್ಕೆ ಕೆಫೀನ್ ತೆಗೆದುಕೊಂಡವನು ರಾತ್ರಿ ಎರಡರವರೆಗೆ ಎದ್ದಿರುತ್ತಾನೆ. ಬೆಂಚಿನಲ್ಲಿರುವವನಿಗೆ ಅದು ಬೇಡವೇ ಬೇಡ.

ಹೇಳುವ ರೀತಿ

2022ರ ವಿಶ್ವಕಪ್‌ನಲ್ಲಿ ಸ್ವಿಟ್ಜರ್‌ಲೆಂಡ್ ಎದುರು ಪೋರ್ಚುಗಲ್ 37ರ ಕ್ರಿಸ್ಟಿಯಾನೊ ರೊನಾಲ್ಡೊರನ್ನು ಬೆಂಚಿನಲ್ಲಿಟ್ಟಿತು. ಬದಲಿಗೆ ಆಡಿದ ಗೊನ್ಸಾಲೊ ರಾಮೋಸ್ ಹ್ಯಾಟ್ರಿಕ್ ಹೊಡೆದರು, ತಂಡ 6-1ರಿಂದ ಗೆದ್ದಿತು. ಆಟದ ದೃಷ್ಟಿಯಿಂದ ನಿರ್ಧಾರ ಸರಿಯೇ. ಆದರೆ ಅದು ಬಂದದ್ದು ತೂರ್ನಿಯ ನಡುವೆ, ಕ್ಯಾಮೆರಾಗಳೆಲ್ಲ ಬೆಂಚಿನತ್ತ ತಿರುಗಿದವು. ರಿಯಲ್ ಮ್ಯಾಡ್ರಿಡ್‌ನಲ್ಲಿ 2023-24ರಲ್ಲಿ ಲೂಕಾ ಮೊಡ್ರಿಚ್‌ರ ಪಾತ್ರ ಸೀಸನ್ನಿನುದ್ದಕ್ಕೂ ಕಿರಿದಾಗಿತ್ತು. ಜೂನ್ 1ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ 38ರ ಮೊಡ್ರಿಚ್ ಕೊನೆಯ ನಿಮಿಷಗಳಲ್ಲಿ ಟೋನಿ ಕ್ರೂಸ್ ಬದಲಿಗೆ ಇಳಿದಾಗ ಅದು ಯಾರಿಗೂ ಸುದ್ದಿಯಾಗಲಿಲ್ಲ.

ಆದ್ದರಿಂದ ಮಾತು ಸೀಸನ್‌ಗೆ ಮೊದಲೇ ಆಗಬೇಕು, ಮುಖ್ಯ ಕೋಚ್ ಬಾಯಿಂದಲೇ ಬರಬೇಕು. ಫಿಸಿಯೋ ಮೂಲಕ ಹೇಳಿಸಬೇಡಿ. ಮರುದಿನದಿಂದ ಅವನು ಫಿಸಿಯೋಗೆ ನೋವು ಹೇಳುವುದನ್ನೇ ನಿಲ್ಲಿಸುತ್ತಾನೆ. ಎರಡು ಪಂದ್ಯಗಳ ಗುರುತು ಬದಲಿಸುವ ಹಕ್ಕನ್ನು ಅವನಿಗೇ ಕೊಡಿ, ಯಾವುದೆಂದು ಅವನೇ ಆರಿಸಲಿ. ಗೋಲಿಲ್ಲದೆ ನಾಲ್ಕು ಪಂದ್ಯ ಕಳೆದಾಗ ಹಂಚಿಕೆ ಬದಲಿಸಬೇಡಿ, ಪರೀಕ್ಷೆಯ ಅಂಕಿಗಳು ಕುಸಿದಾಗ ಬದಲಿಸಿ. ಒಳ್ಳೆಯ ಫಾರ್ಮ್‌ನಲ್ಲಿದ್ದಾಗ ಇದು ಇನ್ನೂ ಕಷ್ಟ: ಹ್ಯಾಟ್ರಿಕ್ ಹೊಡೆದವನನ್ನು ನಾಲ್ಕೇ ದಿನದಲ್ಲಿ ಮನೆಯಲ್ಲಿ ಬಿಟ್ಟುಹೋಗುವ ಧೈರ್ಯ ಬೇಕು.

ಸೀಸನ್ ಮುಗಿದ ಮೇಲೆ ಪೂರ್ಣ ವಿಶ್ರಾಂತಿ ಎರಡು ವಾರ, ಅದಕ್ಕಿಂತ ಹೆಚ್ಚಲ್ಲ. ಈ ವಯಸ್ಸಿನಲ್ಲಿ ಕಳೆದುಕೊಂಡ ಬಲ ಮರಳಲು ಕಳೆದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ಸಮಯ ಬೇಕು. ಮೂರನೇ ವಾರದಿಂದ ವಾರಕ್ಕೆ ಎರಡು ಜಿಮ್, ಒಂದು ದಿನ ಇಳಿಜಾರು ಏರಿ ಓಟ, 20 ಮೀಟರ್‌ನ ಆರು. ಏರಿನಲ್ಲಿ ಹೆಜ್ಜೆ ಕಿರಿದಾಗಿ ಹ್ಯಾಮ್‌ಸ್ಟ್ರಿಂಗ್ ಪೂರ್ತಿ ಚಾಚುವುದಿಲ್ಲ, ಹಾಗಾಗಿ ವೇಗಕ್ಕೆ ಮರಳಲು ಅದೇ ಸುರಕ್ಷಿತ ದಾರಿ. ತಂಡ ಸೇರುವ ಹತ್ತು ದಿನ ಮೊದಲು ಸಮತಟ್ಟು ಹುಲ್ಲಿನ ಮೇಲೆ ಶೇ 90ರ ಓಟ ಮೂರು ಸಲವಾದರೂ ಆಗಿರಬೇಕು.